ಐವಿ ಆಶ್ವರ್ತ್ ಮನೆ ಮಾರಿದ್ದು

ಮನೆ ಮಾರುವ ಮಾತು ಎತ್ತಿದವಳು ಐವಿ ಅಲ್ಲ. ಇಂಗ್ಲೆಂಡಿನ ಗಿರಣಿಯೂರು ಬೇಕಪ್ ಬಿಟ್ಟು ಹೋಗುವ ಆಸೆ ಅವಳಿಗೆ ಕನಸಿನಲ್ಲೂ ಬಂದಿರಲಿಲ್ಲ. ಗುಡ್ಡದ ಓರೆಯಲ್ಲಿ ಒಂದಕ್ಕೊಂದು ಅಂಟಿಸಿ ಕಟ್ಟಿದ ಕಲ್ಲಿನ ಮನೆಗಳ ಸಾಲಿನಲ್ಲಿದ್ದ ಆ ಮನೆಗೆ ಅವಳು ಮದುವೆಯಾದ ವರ್ಷವೇ ಬಂದಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಊರಿನ ಅರ್ಧ ಮಕ್ಕಳಿಗೆ ಬಡಿಸಿ ನಿವೃತ್ತಳಾದವಳು. ತಲೆ ನೆರೆತ ಗಂಡಸರು ಕೂಡ ಬೀದಿಯಲ್ಲಿ ಅವಳನ್ನು ಕಂಡರೆ ನೆಟ್ಟಗೆ ನಿಲ್ಲುತ್ತಿದ್ದರು. ಒಂದು ಕಾಲದಲ್ಲಿ ಅವರನ್ನೆಲ್ಲ ತಟ್ಟೆಯಲ್ಲಿ ಕೋಸು ಬಿಟ್ಟಿದ್ದಕ್ಕೆ ಅವಳು ಗದರಿದ್ದಳು.

ಮಾತೆತ್ತಿದವನು ಗಂಡ ಸಿರಿಲ್. ಹತ್ತಿ ಗಿರಣಿ ಮುಚ್ಚಿಹೋಗಿ ವರ್ಷಗಳಾಗಿದ್ದರೂ ಅದರ ಧೂಳು ಅವನ ಎದೆಯೊಳಗೆ ಹಾಗೇ ಕೂತಿತ್ತು. ಮಹಡಿಯ ಮೆಟ್ಟಿಲು ಹತ್ತಲಾರದೆ ಅವನ ಹಾಸಿಗೆ ಮುಂದಿನ ಕೋಣೆಗೆ ಇಳಿದಿತ್ತು. ಕ್ಲೀವ್ಲೀಸ್‌ನ ಕಡಲ ದಂಡೆಯಲ್ಲಿ ಮೆಟ್ಟಿಲೇ ಇಲ್ಲದ ಒಂದು ಮನೆ, ಕಿಟಕಿಯಿಂದ ನೀರು ಕಾಣುವಂಥದ್ದು, ಇಷ್ಟೇ ಅವನು ಕೇಳಿದ್ದು. ಮಕ್ಕಳಿಲ್ಲದ ಸಂಸಾರ. ಅವನು ಜೀವಮಾನದಲ್ಲಿ ಅವಳನ್ನು ಬೇರೇನೂ ಕೇಳಿದವನಲ್ಲ.

"ಅಲ್ಲಿ ಏನಿದೆ ಅಂತ ಕಣೋ? ಬರೀ ಗಾಳಿ, ಉಪ್ಪು, ಮುದುಕರು," ಎಂದು ಅವಳು ರೇಗಿಸಿದಳು.

"ನಾನೂ ಮುದುಕ ಅಲ್ವೇನೇ? ಅಲ್ಲಿ ಜೊತೆ ಸಿಗುತ್ತೆ."

"ಆಯ್ತು ಬಿಡು. ನಿನ್ನ ಆ ನೀರನ್ನ ತೋರಿಸೇ ತೋರಿಸ್ತೀನಿ," ಎಂದಳು ಐವಿ. ಅಂದ ಮೇಲೆ ಮುಗಿಯಿತು. ಅವನ ಉಸಿರು ನಿಲ್ಲುವ ಮೊದಲು ಅವನನ್ನು ಆ ಕಿಟಕಿಯ ಮುಂದೆ ಕೂರಿಸುವುದೊಂದೇ ಅವಳ ಕೆಲಸವಾಯಿತು.

ಮನೆ ಮಾರಿಸಿಕೊಡುವ ಏಜೆಂಟ್ ಹುಡುಗ ನುಣ್ಣಗೆ ತಲೆ ಬಾಚಿಕೊಂಡು ಬಂದ. ವಕೀಲರನ್ನು ಹುಡುಕುವ ತೊಂದರೆಯೇ ಬೇಡ, ಮ್ಯಾಂಚೆಸ್ಟರಿನಲ್ಲಿ ನಮ್ಮವರೇ ಇದ್ದಾರೆ, ಎಲ್ಲ ಫೋನಿನಲ್ಲೇ ಆಗುತ್ತದೆ ಎಂದ.

"ಮೀನು ಮಾರೋನು ತನ್ನ ತಕ್ಕಡಿ ಸರಿಯಾಗಿದೆಯಾ ಅಂತ ತಾನೇ ನೋಡ್ತಾನೇನಪ್ಪ?" ಎಂದು ಕೇಳಿ ಐವಿ ಅವನನ್ನು ಬಾಗಿಲವರೆಗೆ ಬಿಟ್ಟುಬಂದಳು.

ಊರಿನ ವಕೀಲರನ್ನು ಅವಳು ತರಕಾರಿ ಆರಿಸುವ ಹಾಗೆ ಒತ್ತಿ ನೋಡಿದಳು. ಎಲ್ಲರಿಗೂ ಒಂದೇ ಪ್ರಶ್ನೆ: ನಾನು ಫೋನ್ ಮಾಡಿದರೆ ಎತ್ತುವವರು ಯಾರು? ಕಾಲು ಹೂತುಹೋಗುವಂಥ ಜಮಖಾನ ಹಾಸಿದ ಕಚೇರಿಯವರು "ನಮ್ಮ ತಂಡ" ಎಂದರು. ಹಿಟ್ಟಿನೊಳಗೆ ಮಾಂಸ ತುಂಬಿ ಸುಟ್ಟ ಪೈ ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿದ್ದ ಹೆಸ್ಕೆತ್ ಎಂಬವನು ಮಾತ್ರ "ನಾನೇ. ಇನ್ಯಾರಿದ್ದಾರೆ ಇಲ್ಲಿ?" ಎಂದ. ಮೊಳಕೈ ಸವೆದ ಕೋಟು, ಮೇಜಿನ ತುಂಬ ಕೆಂಪು ದಾರ ಕಟ್ಟಿದ ಕಡತಗಳು, ಕೆಳಗಿನಿಂದ ಬರುವ ಬಿಸಿ ಮಾಂಸದ ವಾಸನೆ. ಅಷ್ಟೇ ಅಲ್ಲ, ಬಂದ ಗಿರಾಕಿಯನ್ನೇ ಅವನು ತಡೆದು ನಿಲ್ಲಿಸಿದ.

"ಕಾಯಿಲೆ ಮನುಷ್ಯನ್ನ ಇಟ್ಕೊಂಡು ಮನೆ ಬದಲಾಯಿಸೋದು ಸುಲಭ ಅಲ್ಲ, ಮಿಸೆಸ್ ಆಶ್ವರ್ತ್. ಸರಿಯಾಗಿ ಯೋಚನೆ ಮಾಡಿದ್ದೀರಾ?"

"ಮಾಡಿದ್ದೀನಿ."

"ಹಾಗಾದ್ರೆ ಒಂದು ವಿಷಯ ನೆನಪಿಟ್ಕೊಳ್ಳಿ. ಎರಡೂ ಕಡೆ ವಕೀಲರು ಫೋನಲ್ಲಿ ಮಾತಾಡಿ ಸಹಿಯಾದ ಕರಾರನ್ನ ಪಕ್ಕಾ ಮಾಡ್ಕೊಳ್ಳೋ ತನಕ ಯಾರು ಬೇಕಾದ್ರೂ ಕೈ ಕೊಡವಿ ಎದ್ದುಹೋಗ್ಬಹುದು. ಆಮೇಲೆ ರಾಣಿ ಬಂದು ಹೇಳಿದ್ರೂ ಆಗಲ್ಲ. ಅದಕ್ಕೇ ಆವತ್ತು ಬೆಳಿಗ್ಗೆ ಕೊನೇ ಸಲ ನಿಮ್ಮನ್ನ ಕೇಳ್ತೀನಿ. ಏನಾದ್ರೂ ಬದಲಾಗಿದ್ರೆ ಆಗ ಹೇಳ್ಬಿಡಬೇಕು."

ಐವಿಗೆ ಅವನು ಹಿಡಿಸಿದ.

ಹೆಸ್ಕೆತ್ ನಿಧಾನಿ. ಮನೆಯ ಕೆಳಗೆ ಹಳೆಯ ಕಲ್ಲಿದ್ದಲು ಗಣಿ ಇದೆಯೇ, ಹಿಂದಿನ ಓಣಿಯಲ್ಲಿ ನಡೆಯುವ ಹಕ್ಕು ಯಾರದು, ಕ್ಲೀವ್ಲೀಸ್‌ನ ಮನೆಯ ಚರಂಡಿ ಯಾರ ಹಿತ್ತಲಲ್ಲಿ ಹಾಯುತ್ತದೆ, ಒಂದನ್ನೂ ಬಿಡದೆ ಬರೆದು ಕೇಳಿದ. ಉತ್ತರಕ್ಕೆ ಕಾಯುವುದರಲ್ಲೇ ಬೇಸಗೆ ಕಳೆಯಿತು. ಇವರ ಮನೆ ಕೊಳ್ಳುವವರು ಹೊಸದಾಗಿ ಮದುವೆಯಾದ ಹುಡುಗ ಹುಡುಗಿ, ಕ್ಲೀವ್ಲೀಸ್‌ನ ಮನೆ ಮಾರುವವಳು ತಂಗಿಯ ಮನೆ ಸೇರಲು ಹೊರಟ ಒಬ್ಬ ವಿಧವೆ. ಒಬ್ಬರು ನಿಂತರೆ ಎಲ್ಲರೂ ನಿಲ್ಲಬೇಕು. ಯಾರೂ ಯಾರ ಹತ್ತಿರವೂ ನೇರವಾಗಿ ಮಾತಾಡುವ ಹಾಗಿಲ್ಲ, ಎಲ್ಲವೂ ವಕೀಲರ ಮೂಲಕ. ಸಿರಿಲ್ ದಿನಾ ಸಂಜೆ ಕೇಳುತ್ತಿದ್ದ: "ಏನಂದ ನಿನ್ನ ಹೆಸ್ಕೆತ್ತು? ಇನ್ನೂ ಚರಂಡಿ ಒಳಗೇ ಇದ್ದಾನಾ?" ನಗುವುದಕ್ಕೆ ಹೋಗಿ ಕೆಮ್ಮು ಹತ್ತಿಸಿಕೊಳ್ಳುತ್ತಿದ್ದ. ಐವಿ ಬೆನ್ನು ಸವರುತ್ತ, ನಾಳೆ ಅವನಿಗೆ ಚೆನ್ನಾಗಿ ಬಿಸಿ ಮುಟ್ಟಿಸುತ್ತೇನೆ ಎನ್ನುತ್ತಿದ್ದಳು. ಮುಟ್ಟಿಸುತ್ತಲೂ ಇದ್ದಳು.

ಕರಾರಿನ ದಿನ ಕೊನೆಗೂ ಬಂತು. ಹಿಂದಿನ ಸಂಜೆ ಡಾಕ್ಟರು ಸಿರಿಲ್‌ನನ್ನು ನೋಡಿ, ಹೊರಡುವಾಗ ಬಾಗಿಲ ಹತ್ತಿರ ದನಿ ತಗ್ಗಿಸಿ, ಇನ್ನು ಮನೆಗೇ ನರ್ಸನ್ನು ಕಳಿಸುತ್ತೇನೆ ಎಂದಿದ್ದರು. ಆ ಮಾತಿನ ಅರ್ಥ ಐವಿಗೆ ಗೊತ್ತಿತ್ತು. ಬೆಳಿಗ್ಗೆ ಸಿರಿಲ್‌ನ ತುಟಿ ನೀಲಿಗಟ್ಟಿತ್ತು. ಟೀ ಬಟ್ಟಲು ಎತ್ತಲು ಹೋದವನ ಕೈ ಹಾಗೇ ಹೊದಿಕೆಯ ಮೇಲೆ ಬಿತ್ತು. "ಇವತ್ತೇ ಅಲ್ವಾ?" ಎಂದು ಕೇಳಿದ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಎಲ್ಲರೂ ತಯಾರಿದ್ದಾರೆ, ಮಿಸೆಸ್ ಆಶ್ವರ್ತ್," ಎಂದ ಹೆಸ್ಕೆತ್. "ನಿಮ್ಮ ಒಪ್ಪಿಗೆ ಒಂದು ಬೇಕು. ಸಿರಿಲ್ ಹೇಗಿದ್ದಾರೆ?"

"ದೂರೋ ಹಾಗಿಲ್ಲ," ಎಂದಳು ಐವಿ.

ಆ ಊರಿನಲ್ಲಿ ಯಾರು ಯಾರನ್ನು ಕೇಳಿದರೂ ಬರುವ ಉತ್ತರ ಅದು. ಕಾಲು ಮುರಿದವನೂ ಅದನ್ನೇ ಹೇಳುತ್ತಾನೆ, ಕೆಲಸ ಕಳೆದುಕೊಂಡವನೂ ಅದನ್ನೇ. ಮರ್ಯಾದೆಗೆ ಕೇಳಿದವರ ಕಿವಿಗೆ ಮನೆಯ ಸಂಕಟ ಸುರಿಯುವುದು ನಾಚಿಕೆಗೇಡು ಎಂದು ಅವರಿಗೆ ತೊಟ್ಟಿಲಲ್ಲೇ ಕಲಿಸಿರುತ್ತಾರೆ. ಸುಡಲಿ ಆ ಮರ್ಯಾದೆ. ನಿಜ ಹೇಳಿದರೆ ಸಿರಿಲ್‌ನ ಸಮುದ್ರ ತಪ್ಪಿಹೋಗುತ್ತದೆಂಬ ಭಯವೂ ಅವಳೊಳಗೆ ಇತ್ತೇನೋ. ಯಾವುದು ಆ ಮಾತನ್ನು ಆಡಿಸಿತು ಎಂದು ಅವಳಿಗೇ ಗೊತ್ತಿಲ್ಲ.

"ಹಾಗಾದ್ರೆ ಮುಂದುವರಿಸ್ಲಾ?"

"ಹೂಂ, ಮುಂದುವರಿಸಿ."

ಪೆಟ್ಟಿಗೆ ಕಟ್ಟಿ ಮುಗಿಯುವ ಮೊದಲೇ ಸಿರಿಲ್ ತೀರಿಕೊಂಡ. ಮುಂದಿನ ಕೋಣೆಯಲ್ಲಿ, ಗುಡ್ಡದ ಕಡೆಗಿದ್ದ ಕಿಟಕಿಯ ಪಕ್ಕ.

ಮಣ್ಣು ಮಾಡಿ ಬಂದ ಮರುದಿನ ಐವಿ ಕಪ್ಪು ಕೋಟಿನಲ್ಲೇ ಪೈ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದಳು.

"ನಾನು ಹೋಗಲ್ಲ, ಮಿಸ್ಟರ್ ಹೆಸ್ಕೆತ್. ಹೋಗ್ಬೇಕಾಗಿದ್ದು ಅವನು. ನನಗೆ ನನ್ನ ಮನೆ ಬೇಕು."

ಹೆಸ್ಕೆತ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಮನೆ ಇಬ್ಬರ ಹೆಸರಲ್ಲೂ ಇತ್ತು. ಅವರು ಹೋದ್ರೂ ಕರಾರು ನಿಮ್ಮ ಮೇಲೆ ನಿಲ್ಲುತ್ತೆ. ಆದ್ರೂ ಕೇಳ್ತೀನಿ. ನೀವು ಕೂತ್ಕೊಳ್ಳಿ."

ಅವಳ ಎದುರಿಗೇ ಅವನು ಫೋನ್ ಮಾಡಿದ. ವಕೀಲಿ ಭಾಷೆ ಬಿಟ್ಟು ಬೇಡಿಕೊಂಡ. ಕೊಳ್ಳುವ ಹುಡುಗ ಹುಡುಗಿ ಬಾಡಿಗೆ ಮನೆ ಬಿಡುತ್ತೇವೆಂದು ಬರೆದುಕೊಟ್ಟಾಗಿತ್ತು, ಹುಡುಗಿಗೆ ಎಂಟು ತಿಂಗಳು ತುಂಬಿತ್ತು. ಅವರ ವಕೀಲರು ಸಂತಾಪ ಹೇಳಿದರು, ಬಿಡಲು ಒಪ್ಪಲಿಲ್ಲ. ತಪ್ಪಿಸಿಕೊಂಡರೆ ಕೋರ್ಟಿಗೆ ಎಳೆಯುತ್ತಾರೆ, ಆ ಕಡೆ ಕ್ಲೀವ್ಲೀಸ್‌ನವಳ ಕಡೆಯಿಂದಲೂ ಎಳೆಯುತ್ತಾರೆ ಎಂದು ಹೆಸ್ಕೆತ್ ಬಿಡಿಸಿ ಹೇಳಿದ.

"ಆ ಮುದುಕಿ ಪೆಟ್ಟಿಗೆ ಕಟ್ಟಿದ್ದಾಳಂತಾ?"

"ಕಟ್ಟಿದ್ದಾರಂತೆ."

ಐವಿ ಕೈಗವಸು ಹಾಕಿಕೊಂಡು ಎದ್ದಳು. "ಹಾಗಾದ್ರೆ ಆಗ್ಲಿ," ಎಂದಳು.

ಹೊರಡುವ ದಿನ ಬೆಳಿಗ್ಗೆ ಅವಳು ಮಂಡಿಯೂರಿ ಹೊಸ್ತಿಲ ಕಲ್ಲನ್ನು ಉಜ್ಜಿ ಊರ ವಾಡಿಕೆಯಂತೆ ಅಂಚಿಗೆ ಬಿಳಿ ಗೆರೆ ಎಳೆದಳು. ಬರುವವರು ಕೊಳಕು ಹೆಂಗಸು ಎಂದುಕೊಳ್ಳಬಾರದಲ್ಲ. ಪಕ್ಕದ ಮನೆಯ ಡೋರಾ ಬಟ್ಟೆಯಲ್ಲಿ ಸುತ್ತಿದ ಆಲೂಗಡ್ಡೆ ಪೈ ತಂದು ಅವಳ ಮಡಿಲಿಗೆ ಹಾಕಿದಳು. "ತಲುಪಿದ ತಕ್ಷಣ ಬಿಸಿ ಮಾಡ್ಕೊಂಡು ತಿನ್ನು ಕಣೇ, ಹಾಗೇ ಮಲಗ್ಬೇಡ," ಎಂದಳು. ಸಾಮಾನಿನ ಗಾಡಿಯವನ ಪಕ್ಕ ಕೂತು ಐವಿ ಬೀದಿ ಇಳಿದಳು. ಹಿಂದಿರುಗಿ ನೋಡಲಿಲ್ಲ, ನೋಡಿದ್ದರೆ ಗಾಡಿಯಿಂದ ಇಳಿದುಬಿಡುತ್ತಿದ್ದಳು.

ಕ್ಲೀವ್ಲೀಸ್‌ನಲ್ಲಿ ಹಣ ತಲುಪಿತೆಂಬ ಸುದ್ದಿ ಬರುವ ತನಕ ಅಲ್ಲಿಯ ಏಜೆಂಟ್ ಬೀಗದ ಕೈ ಕೊಡಲಿಲ್ಲ. ಕೊಟ್ಟ ಮೇಲೆ ಗಾಡಿಯವನು ಸಾಮಾನು ಒಳಗಿಟ್ಟು, ಸಿರಿಲ್‌ನ ಕುರ್ಚಿಯನ್ನು ಎಲ್ಲಿಡಲಿ ಎಂದು ಕೇಳಿದ. ಅವಳು ಡೋರಾ ಕೊಟ್ಟ ಪೈ ಹಿಡಿದು ಅಡುಗೆಮನೆಗೆ ಹೋದಳು. ಅವನಾಗಿಯೇ ಅದನ್ನು ಕಿಟಕಿಯ ಮುಂದಿಟ್ಟು ಹೋದ. ಹೊರಗೆ ಸಮುದ್ರ ಬೂದು ಬಣ್ಣದಲ್ಲಿ ಬಿದ್ದುಕೊಂಡಿತ್ತು. ಅವಳು ಬಂದು ಕುರ್ಚಿಯ ಬೆನ್ನು ಹಿಡಿದು ಅದನ್ನು ನೋಡಿದಳು. ಇಷ್ಟಕ್ಕಾಗಿಯೇ?

ಮಧ್ಯಾಹ್ನ ಫೋನ್ ಬಂತು. ಹೆಸ್ಕೆತ್. "ಎಲ್ಲ ಮುಗೀತು, ಮಿಸೆಸ್ ಆಶ್ವರ್ತ್. ಆ ಮನೆ ಈಗ ನಿಮ್ದು."

"ಒಂದು ಮಾತು ಕೇಳ್ಲಾ?"

"ಕೇಳಿ."

"ಆವತ್ತು ಬೆಳಿಗ್ಗೆ, ಸಿರಿಲ್ ಕೈಲಿ ಟೀ ಬಟ್ಟಲು ಎತ್ತೋಕೂ ಆಗ್ತಿಲ್ಲ ಅಂತ ನಾನು ಹೇಳಿದ್ದಿದ್ರೆ ನೀವು ನಿಲ್ಲಿಸ್ತಿದ್ರಾ?"

ಬೇರೆ ಯಾರಾದರೂ ಆಗಿದ್ದರೆ, ಹಣೆಬರಹ, ಯಾರ ಕೈಲೇನಿದೆ ಎಂದು ಸುಳ್ಳಾದರೂ ಹೇಳುತ್ತಿದ್ದರು. ಹೆಸ್ಕೆತ್‌ಗೆ ಅದು ಬರುತ್ತಿರಲಿಲ್ಲ.

"ನಿಲ್ಲಿಸ್ತಿದ್ದೆ," ಎಂದ. "ಆ ಕ್ಷಣಾನೇ ನಿಲ್ಲಿಸ್ತಿದ್ದೆ."

"ನಾನು ನಮ್ಮ ಮನೇಲೇ ಇರ್ತಿದ್ದೆ."

"ಹೌದು. ಇರ್ತಿದ್ರಿ."

ಐವಿ ಫೋನ್ ಕೆಳಗಿಟ್ಟಳು. ಬೇಕಪ್‌ನ ಮನೆಯ ಗೋಡೆ ತೆಳುವು, ಡೋರಾಗೆ ಕೇಳಿಸೀತೆಂದು ಅಲ್ಲಿ ಅವಳು ಹೆಣದ ಪಕ್ಕ ಕೂಡ ಬಾಯಿ ಬಿಟ್ಟು ಅತ್ತಿರಲಿಲ್ಲ. ಈ ಮನೆಗೆ ಯಾವ ಮನೆಯೂ ತಾಗಿರಲಿಲ್ಲ. ಪೆಟ್ಟಿಗೆಗಳ ನಡುವೆ ನೆಲಕ್ಕೆ ಕುಸಿದು ಅವಳು ಸಿರಿಲ್‌ನ ಹೆಸರು ಹಿಡಿದು ಗಂಟಲು ಹರಿಯುವಂತೆ ಕೂಗಿದಳು. ಏನಾಯ್ತು ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.