ಗೇಟಿನಕ್ಕನ ಸಿಂಬಿ

ಅಡುಗೆಮನೆಯ ಮೇಲಿನ ಅಟ್ಟದಿಂದ ಹಳೆಯ ಸಾಮಾನು ಇಳಿಸುತ್ತಿದ್ದ ಮಗಳು, ದೊಡ್ಡ ಬಳೆಯಷ್ಟಗಲದ ಬಟ್ಟೆಯ ಸುರುಳಿಯೊಂದನ್ನು ಎರಡೇ ಬೆರಳಲ್ಲಿ ಹಿಡಿದು ಕೇಳಿದಳು, "ಮಮ್ಮಿ, ಇದು ಎಂತ? ಫೇಕ್ ದೂಂ?"

"ಅದನ್ನು ಬಿಸಾಡಿದರೆ ನಿನ್ನನ್ನೂ ಬಿಸಾಡ್ತೇನೆ" ಎಂದೆ. ಅವಳು ನಗುತ್ತಾ ಅದನ್ನು ನನ್ನ ಮಡಿಲಿಗೆ ಹಾಕಿದಳು. ಹಳೆಯ ಹಸಿರು ಸೀರೆಯನ್ನು ಹರಿದು, ಹುರಿಹಾಕಿ, ಸುತ್ತಿ ಮಾಡಿದ ಸಿಂಬಿ. ತಲೆಯ ಮೇಲೆ ಹೊರೆ ಹೊರುವ ಹೆಂಗಸರು ಕೆಳಗೆ ಇಟ್ಟುಕೊಳ್ಳುತ್ತಾರಲ್ಲ, ಅದು. ಮೂಗಿಗೆ ಹಿಡಿದರೆ ಇನ್ನೂ ಕೊಬ್ಬರಿ ಎಣ್ಣೆಯ ಕಮಟು ವಾಸನೆ. ಅಷ್ಟು ಸಾಕಾಯಿತು, ಗೇಟಿನಕ್ಕ ಬಂದು ಎದುರಿಗೆ ಕೂತಳು...

ನಮ್ಮದು ಕಾಂದಿವಲಿಯ ಹಳೆಯ ಬಿಲ್ಡಿಂಗ್. ನಾಲ್ಕು ಮಾಳಿಗೆ, ಲಿಫ್ಟ್ ಇಲ್ಲ. ಸುತ್ತ ಎಲ್ಲಾ ಗುಜರಾತಿಗಳು, ಮರಾಠಿಗರು. ಉಡುಪಿ ಕಡೆಯವಳಾದ ನನ್ನ ಬಿಟ್ಟರೆ ಕನ್ನಡ ಆಡುವವಳೆಂದರೆ ವಾಚ್‌ಮನ್ನನ ಹೆಂಡತಿ ಒಬ್ಬಳೇ. ಬಿಜಾಪುರದ ಕಡೆಯವಳು. ಗೇಟಿನ ಪಕ್ಕದ ಒಂದು ಕೋಣೆಯಲ್ಲಿ ಅವರ ಸಂಸಾರ, ಹಾಗಾಗಿ ನನಗೆ ಅವಳು ಗೇಟಿನಕ್ಕ. ಅವಳು ನನ್ನನ್ನು 'ಅಕ್ಕಾರ' ಎನ್ನುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಾದರೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಮೊದಮೊದಲು ಅವಳ ಕನ್ನಡ ನನಗೆ ಅರ್ಧ, ನನ್ನ ಕನ್ನಡ ಅವಳಿಗೆ ಅರ್ಧ. ಉಳಿದದ್ದಕ್ಕೆ ಹಿಂದಿ ಇತ್ತು.

ಒಂದು ವರ್ಷ ಮೇ ತಿಂಗಳಲ್ಲಿ ನನ್ನ ಸೊಂಟ ಹೋಯಿತು. ದೋಸೆಹಿಟ್ಟು ರುಬ್ಬಿ, ಗ್ರೈಂಡರಿನಿಂದ ಕಲ್ಲು ಎತ್ತಿದ್ದೆ. ಅದೇ ಹೊತ್ತಿಗೆ ಬಾಗಿಲ ಬೆಲ್ ಆಯಿತು. ಜಾಣೆಯಾದವಳು ಕಲ್ಲನ್ನು ಕೆಳಗಿಟ್ಟು ಹೋಗುತ್ತಾಳೆ. ನಾನು ಕಲ್ಲು ಕೈಯಲ್ಲಿರುವಾಗಲೇ "ಯಾರು?" ಎಂದು ಸರ್ರನೆ ತಿರುಗಿದೆ. ಬೆನ್ನಿನ ಕೆಳಗೆ ಏನೋ ಚಳಕ್ ಎಂದಿತು. ಕಲ್ಲು ಪಾತ್ರೆಗೆ ಬಿತ್ತು, ಹಿಟ್ಟು ಗೋಡೆಗೆ ಹಾರಿತು, ನಾನು ನೆಲಕ್ಕೆ.

ಡಾಕ್ಟರು ನೋಡಿ, ಎಲುಬಿಗೇನೂ ಆಗಿಲ್ಲ, ಸ್ನಾಯು ಹಿಡಿದಿದೆ, ಎರಡು ಮೂರು ದಿನ ವಿಶ್ರಾಂತಿ ತೆಗೆದುಕೊಂಡು ಆಮೇಲೆ ಮೆಲ್ಲಗೆ ಓಡಾಡಿ ಎಂದರು. ಆದರೆ ಡಾಕ್ಟರ ಮಾತಿಗಿಂತ ಬಿಲ್ಡಿಂಗಿನವರ ಮಾತು ಗಟ್ಟಿ. ಒಬ್ಬರು ಹಲಗೆಯ ಮೇಲೆ ಮಲಗಿ ಎಂದರು, ಇನ್ನೊಬ್ಬರು ಅಲುಗಾಡಲೇ ಬೇಡಿ ಎಂದರು. ನಾನು ಹೆದರಿ ಒಂದು ತಿಂಗಳು ಬಿದ್ದುಕೊಂಡೆ. ಬಿದ್ದುಕೊಂಡಷ್ಟೂ ಸೊಂಟ ಮರಗಟ್ಟಿತು. ಕೊನೆಗೆ ಫಿಸಿಯೋಥೆರಪಿಯ ಹುಡುಗಿಯ ಹತ್ತಿರ ಹೋದಾಗ ಅವಳು ಹಣೆ ಚಚ್ಚಿಕೊಂಡಳು. ಮಲಗಿ ಮಲಗಿಯೇ ಅರ್ಧ ಹಾಳು ಮಾಡಿಕೊಂಡಿದ್ದೀರಿ, ನಡೆಯಿರಿ ಎಂದು ಒಂದು ಕಾಗದದಲ್ಲಿ ನಾಲ್ಕು ವ್ಯಾಯಾಮದ ಚಿತ್ರ ಬರೆದುಕೊಟ್ಟಳು. ಕಾಲಿಗೆ ನೋವು ಇಳಿದರೆ, ಜೋಮು ಹಿಡಿದರೆ ಮಾತ್ರ ನಿಲ್ಲಿಸಿ ತಕ್ಷಣ ಬನ್ನಿ ಎಂದಳು.

ಕಾಗದವನ್ನು ಫ್ರಿಜ್ಜಿಗೆ ಅಂಟಿಸಿದೆ. ದಿನಾ ನೋಡಿದೆ. ಮಾಡಲಿಲ್ಲ. ಹೆದರಿಕೆ ಮಾರಾಯರೇ! ಬಗ್ಗಿದರೆ ಮತ್ತೆ ಚಳಕ್ ಎಂದರೆ? ಒಳಗೊಳಗೆ ಇನ್ನೊಂದು ಸಂಕಟ ಬೇರೆ. ಅಕ್ಟೋಬರಿನಲ್ಲಿ ನವರಾತ್ರಿ. ನಮ್ಮ ಕಂಪೌಂಡಿನಲ್ಲಿ ಒಂಬತ್ತು ಸಂಜೆ ಗರಬಾ. ಮದುವೆಯಾಗಿ ಬಂದ ವರ್ಷದಿಂದ ಒಂದು ಸಂಜೆಯೂ ತಪ್ಪಿಸಿದವಳಲ್ಲ ನಾನು. ಗುಜರಾತಿ ಹೆಂಗಸರೇ "ಈ ಉಡುಪಿಯವಳ ಹಾಗೆ ತಿರುಗಿ" ಎಂದು ತಮ್ಮ ಸೊಸೆಯರಿಗೆ ಹೇಳುವಷ್ಟು ಚೆನ್ನಾಗಿ ಕುಣಿಯುತ್ತಿದ್ದೆ. ವರ್ಷದ ಮುನ್ನೂರೈವತ್ತಾರು ದಿನ ನಾನು ಆಫೀಸು, ಲೋಕಲ್, ಒಲೆ. ಆ ಒಂಬತ್ತು ದಿನ ಮಾತ್ರ ನಾನು. ಅದೂ ಹೋಯಿತಲ್ಲ ಎಂದು ಮಲಗಿದಲ್ಲೇ ಅತ್ತದ್ದುಂಟು.

ಒಂದು ಬೆಳಿಗ್ಗೆ ಹಾಲು ತರಲು ಮೆಲ್ಲಗೆ ಇಳಿದು, ಕೆಳಗಿನ ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತಿದ್ದೆ. ಗೇಟಿನಕ್ಕ ಕಸ ಗುಡಿಸುವುದನ್ನು ನಿಲ್ಲಿಸಿ ನೋಡಿದಳು.

"ಯಾಕ್ರೀ ಅಕ್ಕಾರ, ಗ್ವಾಡಿ ಬೀಳತೈತೇನು, ಹಿಡಕೊಂಡ ನಿಂತೀರಿ?"

"ಗೋಡೆ ಅಲ್ಲ ಮಾರಾಯ್ತಿ, ನಾನೇ ಬೀಳುದು."

"ಆ ಗ್ವಾಡಿ ಬೀಳಂಗಿಲ್ಲ ಬಿಡ್ರಿ. ಅದರ ಇಟ್ಟಂಗಿ ನನ್ನ ತಲೀ ಮ್ಯಾಲಿಂದನ ಬಂದಾವ."

ಆಗಲೇ ನನಗೆ ಗೊತ್ತಾದದ್ದು. ಹರೆಯದಲ್ಲಿ ಅವಳು ಈ ಬಿಲ್ಡಿಂಗ್ ಕಟ್ಟುವಾಗ ಇಟ್ಟಂಗಿ ಹೊತ್ತವಳಂತೆ. ಇಪ್ಪತ್ತು ವರ್ಷ ದಹಿಸರಿನವರೆಗೆ ಎಷ್ಟೋ ಕಟ್ಟಡಗಳಿಗೆ ಹೊತ್ತವಳು. ಐವತ್ತು ದಾಟಿದ ಮೇಲೂ ಬೆನ್ನು ನೆಟ್ಟಗೆ, ನಡೆದರೆ ನೆರಳೂ ಅಲುಗದು. ನಾನು ಅವಳಿಗೆ ಫ್ರಿಜ್ಜಿನ ಕಾಗದದ ಕತೆ ಹೇಳಿದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕಟ್ಟಡದ ಕೆಲಸದ ಪದ್ಧತಿ ಹೇಳಿದಳು.

"ಹೊಸಾಕಿ ಬಂದ್ರ ನಾಕ ಇಟ್ಟಂಗಿ ಹೊರಸ್ತೀವ್ರಿ. ವಾರ ಆದಮ್ಯಾಲ ಐದ. ಮೊದಲನೇ ದಿನಾನ ಹತ್ತ ಹೊತ್ತಾಕಿ ಎರಡನೇ ದಿನಾ ಕೆಲಸಕ್ಕ ಬರಂಗಿಲ್ಲ. ಭಾರ ಆತಂದ್ರ ಒಂದ ಇಟ್ಟಂಗಿ ಇಳಸ್ಬೇಕು, ಬುಟ್ಟೀನ ಒಗೀಬಾರದು. ನೀವು ಬುಟ್ಟಿ ಒಗದ ಕುಂತೀರಿ."

ಅಂದಿನಿಂದ ಕಂಪೌಂಡಿನ ಒಂದು ಸುತ್ತು ಎಂದರೆ ಒಂದು ಇಟ್ಟಂಗಿ. ಮೊದಲ ವಾರ ನಾಲ್ಕು. ಮೇಲೆ ಬಂದು ಚಾಪೆಯಲ್ಲಿ ಕಾಗದದ ವ್ಯಾಯಾಮ, ಅದೂ ನಾಲ್ಕು ನಾಲ್ಕೇ. ಐದನೆಯ ಸುತ್ತಿಗೆ ಕಾಲೆತ್ತಿದರೆ ಗೇಟಿನಕ್ಕ ಪೊರಕೆ ಅಡ್ಡ ಹಿಡಿಯುತ್ತಿದ್ದಳು. ಬಕೆಟ್ ಎತ್ತುವುದನ್ನೂ ಅವಳೇ ಹೊಸದಾಗಿ ಕಲಿಸಿದಳು. "ಟೊಂಕಾ ಬಗ್ಗಸಬ್ಯಾಡ್ರಿ, ಮೊಣಕಾಲ ಬಗ್ಗಸ್ರಿ. ಕೂಸಿನ್ನ ಎತ್ತಿದಂಗ ಎದಿಗೆ ಹಚ್ಚಿ ಎತ್ರಿ. ತಿರಗೂದಾದ್ರ ಕಾಲ ತಿರಗಸ್ರಿ." ಫಿಸಿಯೋ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದೂ ಅದನ್ನೇ. ಆದರೆ ಕೂಸು ಎಂದ ಕೂಡಲೇ ನನ್ನ ಕೈ ತಾನಾಗಿ ಎದೆಗೆ ಬಂತು.

ಒಂದು ದಿನ ಈ ಸಿಂಬಿ ತಂದು ನನ್ನ ತಲೆಯ ಮೇಲಿಟ್ಟು, ಅದರ ಮೇಲೊಂದು ಖಾಲಿ ತಂಬಿಗೆ ಕೂರಿಸಿದಳು. "ಇನ್ನ ನಡೀರಿ. ನಕ್ಕರೂ ಅತ್ತರೂ ತಲಿ ಬಗ್ಗಸಂಗಿಲ್ಲ." ಹಾಗೆ ಹೇಳಿ ಅವಳೇ ನಗಿಸುತ್ತಿದ್ದಳು, ಪಾಪಿ! ತಂಬಿಗೆ ಠಣ್ ಎಂದು ಬಿದ್ದರೆ ಎರಡನೇ ಮಾಳಿಗೆಯ ಮೋಟಾಬೆನ್ ಕಿಟಕಿಯಿಂದ ಇಣುಕಿ "ಸೂ ಥಯು?" ಎಂದು ಏನಾಯಿತೆಂದು ಕೇಳುತ್ತಿದ್ದರು. ಫಿಸಿಯೋ ಹುಡುಗಿಗೆ ಹೆದರುತ್ತಲೇ ತಿಳಿಸಿದೆ. ಅವಳು ನಕ್ಕು, ಖಾಲಿ ತಂಬಿಗೆ ಅಡ್ಡಿಯಿಲ್ಲ, ನೀರು ಮಾತ್ರ ತುಂಬಬೇಡಿ ಎಂದಳು.

ಆಗಸ್ಟಿಗೆ ಎಂಟು ಇಟ್ಟಂಗಿ ಆಯಿತು, ಆಫೀಸಿಗೂ ಹೋಗತೊಡಗಿದೆ. ಅಲ್ಲಿಯೇ ಎಡವಿದ್ದು. ಕಾಂದಿವಲಿಯವರು ಕೂತು ಹೋಗಬೇಕಾದರೆ ಮೊದಲು ಒಂದು ಸ್ಟೇಷನ್ ಹಿಂದಕ್ಕೆ, ಬೋರಿವಲಿಗೆ ಹೋಗಿ, ಅಲ್ಲಿಂದ ಹೊರಡುವ ಲೋಕಲ್ ಹತ್ತುವುದು ರೂಢಿ. ಗಾಡಿ ನಿಂತ ಮೇಲೆ, ಎಲ್ಲರೂ ಹತ್ತಿದ ಮೇಲೆ ಹತ್ತುತ್ತೇನೆಂದು ಫಿಸಿಯೋಗೆ ಮಾತು ಕೊಟ್ಟಿದ್ದೆ. ಒಂದು ಸೋಮವಾರ ಖಾಲಿ ಗಾಡಿ ಪ್ಲಾಟ್‌ಫಾರ್ಮಿಗೆ ಬರುತ್ತಿದೆ, ಸುತ್ತಲ ಹೆಂಗಸರು ದುಪಟ್ಟಾ ಬಿಗಿದು ಸಜ್ಜಾಗುತ್ತಿದ್ದಾರೆ. ಇಪ್ಪತ್ತು ವರ್ಷದ ಅಭ್ಯಾಸ, ಸುಮ್ಮನಿರುತ್ತದೆಯೇ? ನಿಲ್ಲುವ ಮೊದಲೇ ಹಾರಿದೆ. ಕಿಟಕಿ ಸೀಟು ಸಿಕ್ಕಿತು! ಮಲಾಡಿನವರೆಗೆ ರಾಣಿಯ ಹಾಗೆ ಕೂತಿದ್ದೆ. ಆಫೀಸಿಗೆಂದು ಅಂಧೇರಿಯಲ್ಲಿ ಇಳಿಯಲು ಏಳಹೋದರೆ ಸೊಂಟ ಒಲ್ಲೆ ಎಂದಿತು. ಇಬ್ಬರು ಹೆಂಗಸರು ಬೈಯುತ್ತಲೇ ಇಳಿಸಿದರು.

ಕಾಲಿಗೇನೂ ಇಳಿದಿಲ್ಲ, ಹೆದರಬೇಡಿ, ಸ್ವಲ್ಪ ಕಡಿಮೆ ಮಾಡಿ ಮುಂದುವರಿಸಿ ಎಂದು ಫಿಸಿಯೋ ಹುಡುಗಿ ಹೇಳಿದರೂ ನನ್ನ ಧೈರ್ಯ ಉಡುಗಿತ್ತು. ಎರಡು ದಿನ ಕೆಳಗಿಳಿಯಲಿಲ್ಲ. ಮೂರನೆಯ ದಿನ ಗೇಟಿನಕ್ಕ ಮೂರು ಮಾಳಿಗೆ ಹತ್ತಿ ಬಂದು ಬಾಗಿಲಲ್ಲಿ ನಿಂತಳು. "ಎಲ್ಲಾ ಮುಗೀತು ಅಕ್ಕ, ಈ ಸಲ ಗರಬಾ ಇಲ್ಲ" ಎಂದು ಅತ್ತುಬಿಟ್ಟೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ನನ್ನ ಚಪ್ಪಲಿ ಹುಡುಕಿ ಕಾಲ ಬಳಿ ಇಟ್ಟಳು.

"ಎಂಟರಾಗ ನಾಕ ಇಳಸೂಣ. ಏಳ್ರಿ."

ಎದ್ದೆ. ಮತ್ತೆ ನಾಲ್ಕರಿಂದ ಶುರು.

ನವರಾತ್ರಿಯ ಮೊದಲ ಸಂಜೆ ಬಂತು. ಜಿಗಿಯಬಾರದು, ಬಗ್ಗಿ ತಿರುಗಬಾರದು, ಮೊದಲು ಸ್ವಲ್ಪ ನಡೆದು ಮೈ ಬೆಚ್ಚಗೆ ಮಾಡಿಕೊಂಡು ಮೆಲ್ಲಗೆ ಕುಣಿಯಿರಿ ಎಂದು ಫಿಸಿಯೋ ಹುಡುಗಿ ಒಪ್ಪಿಗೆ ಕೊಟ್ಟಿದ್ದಳು. ಕೆಂಪು ಸೀರೆ ಉಟ್ಟು ಇಳಿದೆ. ಢೋಲು ಶುರುವಾಯಿತು, ದೇವಿಯ ಸುತ್ತ ಹೆಂಗಸರು ತಿರುಗಿದರು. ನನ್ನ ಕಾಲು ಮಾತ್ರ ನೆಲಕ್ಕೆ ಅಂಟಿಕೊಂಡಿತು. ಬಗ್ಗದೆ ಗರಬಾ ಹೇಗೆ? ಬಗ್ಗಿದರೆ ಸೊಂಟ ಏನಾದೀತು? ಗೇಟಿನ ಬಳಿ ನಿಂತು ನೋಡುತ್ತಿದ್ದ ಅಕ್ಕ ಹತ್ತಿರ ಬಂದಳು. ಅಷ್ಟು ವರ್ಷ ಅವಳು ಆ ಗರಬಾವನ್ನು ಗೇಟಿನಿಂದಲೇ ನೋಡಿದವಳು. ಯಾರೂ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ.

"ನಾಕ ಇಟ್ಟಂಗಿ ಹೋಗಿಬರ್ರಿ" ಎಂದಳು.

"ನೀನೂ ಬಾ. ಇಲ್ಲಾಂದ್ರೆ ನಾನೂ ಹೋಗುದಿಲ್ಲ."

"ಏ, ನನಗೇನ ಬರತೈತ್ರೀ ಅದು!"

ಕೈ ಹಿಡಿದು ಎಳೆದೇಬಿಟ್ಟೆ. ಅವಳಿಗೆ ನಿಜಕ್ಕೂ ಬರುತ್ತಿರಲಿಲ್ಲ. ಆದರೆ ಚಪ್ಪಾಳೆಗೆ ಸರಿಯಾಗಿ ಹೆಜ್ಜೆ ಇಟ್ಟು ನಡೆದಳು ನೋಡಿ, ತಲೆಯ ಮೇಲೆ ಕಾಣದ ಬುಟ್ಟಿ ಇದ್ದ ಹಾಗೆ, ನೆಟ್ಟಗೆ, ಗತ್ತಿನಲ್ಲಿ! ತಿರುಗುವಲ್ಲಿ ಸೊಂಟವಲ್ಲ, ಕಾಲು ತಿರುಗಿತು. ನಾನು ಹಿಂದೆಯೇ ಹಾಗೆಯೇ ಹೋದೆ. ಒಂದು ಸುತ್ತು ಆಯಿತು, ಎರಡಾಯಿತು. ಮಂಡಿನೋವಿನಿಂದ ನಾಲ್ಕು ವರ್ಷ ಗರಬಾದಲ್ಲಿ ಕುರ್ಚಿ ಬಿಟ್ಟೇಳದ ಮೋಟಾಬೆನ್ ನಮ್ಮ ಹಿಂದೆ ಸೇರಿಕೊಂಡರು. ಅವರ ಹಿಂದೆ ಇನ್ನಿಬ್ಬರು. ಒಂಬತ್ತನೆಯ ಸಂಜೆಗೆ ಸೊಂಟ, ಮಂಡಿ, ಕತ್ತು ನೋವಿನವರದ್ದೇ ಒಂದು ದೊಡ್ಡ ಹೊರಸುತ್ತು, ಅದರ ಮುಂದೆ ಗೇಟಿನಕ್ಕ. ಅಷ್ಟು ನಕ್ಕದ್ದು ನಾನು ಜನ್ಮದಲ್ಲಿ ಇಲ್ಲ.

ಆ ಮೊದಲ ಸಂಜೆ ನಾಲ್ಕನೆಯ ಸುತ್ತು ಮುಗಿದಾಗ ಸೊಂಟದಲ್ಲಿ ನೋವೇ ಇಲ್ಲ. ಖುಷಿಗೆ ಐದನೆಯದಕ್ಕೆ ನುಗ್ಗಿದೆ. ಅವಳು ಕೈ ಹಿಡಿದು ಹೊರಗೆ ಎಳೆದಳು. "ಸಾಕ್ರೀ ಅಕ್ಕಾರ. ನಾಳೆನೂ ಐತಿ."

ಎರಡು ವರ್ಷದ ನಂತರ ಬಿಲ್ಡಿಂಗಿನ ಸೊಸೈಟಿಯವರು ಗೇಟಿಗೆ ಸೆಕ್ಯುರಿಟಿ ಏಜೆನ್ಸಿಯವರನ್ನು ಇಟ್ಟರು. ಗೇಟಿನಕ್ಕ, ಅವಳ ಗಂಡ ಊರಿಗೆ ಹೊರಟರು. ಸಿಂಬಿ ಇಲ್ಲೇ ಇರಲಿ, ಮತ್ತೆ ಕಲ್ಲು ಎತ್ತುವವಳು ನೀವು ಎಂದು ನಗುತ್ತಾ ಹೋದಳು. ಫೋನಿನಲ್ಲಿ ಮಾತಾಡುತ್ತಿದ್ದೆವು. ಆಮೇಲೆ ಹಬ್ಬಕ್ಕೊಮ್ಮೆ... ಆಮೇಲೆ ಅದೂ...

ಈಗ ಬಿಲ್ಡಿಂಗ್ ಕೆಡವಿ ಹೊಸತು ಕಟ್ಟುತ್ತಾರೆ. ಬರುವ ಭಾನುವಾರದೊಳಗೆ ಎಲ್ಲರೂ ಖಾಲಿ ಮಾಡಬೇಕು. ಹೋಗುವ ಮುಂಚೆ ಕಂಪೌಂಡಿನಲ್ಲಿ ಕೊನೆಯದೊಂದು ಗರಬಾ ಆಗಲಿ ಎಂದು ಮೋಟಾಬೆನ್ ಹಟ ಹಿಡಿದರು, ಗೇಟಿನಕ್ಕನನ್ನು ಕರೆಸು ಎಂದರು. ಮೊನ್ನೆ ಫೋನ್ ಮಾಡಿದೆ. ಅವಳ ಗಂಡ ಎತ್ತಿದರು. "ಆಕಿ ಹ್ವಾದ್ಲ್ರೀ ಅಕ್ಕಾರ. ಯುಗಾದಿ ಮುಂದ. ನಿಮ್ಮ ನಂಬರ ಹುಡುಕಿದ್ನಿ, ಸಿಗಲಿಲ್ಲ."

ಮಗಳು ಡಬ್ಬಗಳನ್ನು ಹಿಡಿದು ಕೆಳಗಿಳಿದಳು. ಮಣೆ ಮಂಚ ಎಲ್ಲ ಹೋಗಿ ಹಾಲ್ ಖಾಲಿಯಾಗಿತ್ತು. ಮೊಣಕಾಲು ಬಗ್ಗಿಸಿ ನೆಲದ ಮೇಲಿದ್ದ ಖಾಲಿ ತಂಬಿಗೆ ಎತ್ತಿಕೊಂಡೆ, ಸಿಂಬಿ ತಲೆಗಿಟ್ಟು ಅದರ ಮೇಲೆ ಕೂರಿಸಿದೆ. ಅವಳು ಹೊತ್ತು ತಂದ ಇಟ್ಟಂಗಿಗಳ ಗೋಡೆ ಹಿಡಿಯದೆ ಸುತ್ತು ಶುರುಮಾಡಿದೆ. ಎರಡನೆಯ ಸುತ್ತಿಗೆ ಕಣ್ಣೀರು ಬಂತು. ನಕ್ಕರೂ ಅತ್ತರೂ ತಲೆ ಬಗ್ಗಿಸುವಂತಿಲ್ಲವಲ್ಲ, ಹಾಗೇ ನಡೆದೆ. ನಾಲ್ಕಾಯಿತು. ಸೊಂಟ ಹೂವಿನ ಹಾಗಿತ್ತು. ಐದಾಯಿತು, ಆರಾಯಿತು. ಸಾಕ್ರೀ ಅಕ್ಕಾರ ಎಂದು ಕೈ ಹಿಡಿದೆಳೆಯಲು ಯಾರೂ ಬರಲಿಲ್ಲ.