ಅರ್ಧ ಹೊಲಿದ ಹೊಳೆ

ಅಂಗಿಯ ಗುಂಡಿಯೊಂದು ಕಿತ್ತು ಬಂದಿತ್ತು. ಇವತ್ತು ಮಧ್ಯಾಹ್ನ ಊಟದ ಮೇಲೆ ಸೂಜಿ ದಾರ ಹಿಡಿದು ಕೂತೆ. ಎದುರಿನ ಮಂಚದ ಮೇಲೆ ಅಕ್ಕನ ಮೊಮ್ಮಗಳು ಸಿಂಚನ ಬೋರಲು ಮಲಗಿ ದಪ್ಪ ಕಾದಂಬರಿಯೊಂದನ್ನು ಓದುತ್ತಿದ್ದಳು. ಬೇಸಿಗೆ ರಜೆಗೆಂದು ನಮ್ಮ ಮನೆಗೆ ಬಂದಿದ್ದಾಳೆ. ಪುಸ್ತಕದ ರಟ್ಟಿನ ಮೇಲೆ ಕೂದಲು ಕೆದರಿದ ಹುಡುಗಿ, ಅವಳ ಅಂಗೈಯಲ್ಲಿ ನೀಲಿ ಬೆಂಕಿ. ಸಿಂಚನ ಹಾಳೆ ತಿರುವಿದಳು. ನನ್ನ ಬಾಯಿಂದ ತಾನಾಗಿ "ಹೂಂ" ಎಂದು ಬಂತು.

"ಏನಜ್ಜ?" ಎಂದಳು.

"ಏನಿಲ್ಲವ್ವ, ಓದು."

ಅವಳಿಗೆ ಹೇಳದಿದ್ದರೂ ನಿಮಗೆ ಹೇಳಬಹುದು. ಕತೆ ಹೇಳುವವರ ಎದುರು ಕೂತವರು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕತೆ ನಿಲ್ಲುತ್ತದೆ. ನಾನು ಕಲಿತ ಮೊದಲ ಕೆಲಸ ಅದು. ಚೆನ್ನಾಗಿ ಮಾಡಿದ್ದೂ ಬಹುಶಃ ಅದೊಂದನ್ನೇ. ಅಕ್ಕ ಹೇಳುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಯುಗಾದಿಗೆ ಮುಂಚೆ ಅಕ್ಕ ತೀರಿಕೊಂಡಳು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮಪ್ಪನಿಗೆ ಹೊನ್ನಾಳಿಯಲ್ಲಿ ಒಂದು ಟೈಲರ್ ಅಂಗಡಿ. ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ಮನೆಯಲ್ಲಿ ಅಕ್ಕನ ಪಾಲು. ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಪಾಲು. ಒಮ್ಮೆ ಚನ್ನಗಿರಿಯ ಚಿಕ್ಕಮ್ಮನ ಮನೆಗೆ ಹೋದಾಗ ಯಾರೋ ಎರವಲು ಕೊಟ್ಟಿದ್ದ ಕಾದಂಬರಿ ಅಕ್ಕನ ಕೈಗೆ ಸಿಕ್ಕಿತು. ಹೇಮರೇಖೆ ಎಂಬ ಹುಡುಗಿ, ಅವಳಿಗೊಂದು ಮಂತ್ರದ ಕತ್ತಿ, ಅವಳ ತಮ್ಮನನ್ನು ಹೊಳೆಯಾಚೆಗೆ ಹೊತ್ತೊಯ್ದ ಮಾಯಾವಿ. ಅರ್ಧ ಓದುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಪುಸ್ತಕ ಚನ್ನಗಿರಿಯಲ್ಲೇ ಉಳಿಯಿತು. ಹೇಮರೇಖೆ ನಮ್ಮ ಜೊತೆ ಬಸ್ಸು ಹತ್ತಿದಳು.

ಊರು ತಲುಪುವಷ್ಟರಲ್ಲಿ ಕತ್ತಿ ಸೂಜಿಯಾಗಿತ್ತು. ಅಕ್ಕನಿಗೆ ಕತ್ತಿ ಹಿಡಿದು ಗೊತ್ತಿರಲಿಲ್ಲ, ಸೂಜಿ ಗೊತ್ತಿತ್ತು. ಹೇಮರೇಖೆ ಹರಿದ ಮೋಡಕ್ಕೆ ತೇಪೆ ಹಾಕಿದಳು. ಬಾಯಿ ತೆರೆದು ಬಂದ ಹುಲಿಯ ತುಟಿ ಹೊಲಿದಳು. ಮದುವೆಯಾಗು ಎಂದು ಬಂದ ರಾಜಕುಮಾರನ ನೆರಳನ್ನು ಕಂಬಕ್ಕೆ ಹೊಲಿದು, "ನಾನು ಬರೋತನ ಇಲ್ಲೇ ನಿಂತಿರಪ್ಪ" ಎಂದು ಹೊರಟೇಬಿಟ್ಟಳು. ಆಮೇಲೆ ಅವನನ್ನು ಬಿಡಿಸುವುದನ್ನು ಅಕ್ಕ ಮರೆತಳು. ಪಾಪ, ಈಗಲೂ ಅಲ್ಲೇ ನಿಂತಿರಬೇಕು.

ಅಪ್ಪ ಛೇಡಿಸುತ್ತಿದ್ದ. "ಏನವ್ವಾ ಹೇಮರೇಖೆ, ನಿನ್ ಮಾಯದ ಸೂಜಿಗೆ ಹೇಳಿ ಮೇಷ್ಟ್ರ ಅಂಗಿಗೆ ಗುಂಡಿ ಹಾಕ್ಸು. ಸಂಜೀಗೆ ಬರ್ತಾರೆ."

"ಮಾಯ ಐತಪ್ಪ, ದಾರ ಇಲ್ಲ. ಪೋಣ್ಸೋನು ಬಾಯಿ ಬಿಟ್ಕೊಂಡು ಕೂತಾನೆ, ನೋಡು."

ಅವ್ವನದು ಬೇರೆ ತಕರಾರು. ಹಗಲು ಹೊತ್ತು ಕತೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂದು ಅವಳ ನಂಬಿಕೆ. ನಮ್ಮ ಮಾವ ಇದ್ದದ್ದು ನ್ಯಾಮತಿಯಲ್ಲಿ. ದಾರಿ ತಪ್ಪುವಷ್ಟು ದೂರವೇನಲ್ಲ. ಆದರೆ ಒಂದು ದಿನ ಬೆಳಿಗ್ಗೆ ಬರಬೇಕಾದವನು ಸಂಜೆ ಬಂದ. ಅವ್ವ ನಮ್ಮಿಬ್ಬರನ್ನೂ ಅವನೆದುರು ನಿಲ್ಲಿಸಿದಳು. ಮಾವ ನಕ್ಕ. "ಅಲ್ಲಕ್ಕಾ, ಬಸ್ಸಿನ ಟೈರು ಪಂಚರ್ ಆಗಿತ್ತು. ಇವಳ ಕತೆ ಅಷ್ಟು ಚೂಪು ಐತೇನು?" ಅವ್ವ ನಗಲಿಲ್ಲ. ಅಂದಿನಿಂದ ದೀಪ ಹಚ್ಚಿದ ಮೇಲೆಯೇ ಕತೆ.

ಕೊನೆಗೆ ಹೇಮರೇಖೆ ಮಾಯಾವಿಯ ಹೊಳೆಗೆ ಬಂದಳು. ಆಚೆ ದಡದಲ್ಲಿ ತಮ್ಮ ಕೂತಿದ್ದಾನೆ. ದೋಣಿಯಿಲ್ಲ. ಅವಳು ಎರಡು ದಡಗಳನ್ನೂ ಸೇರಿಸಿ ಹೊಲಿಯಲು ಶುರುಮಾಡಿದಳು. ಈ ದಡಕ್ಕೊಂದು ಹೊಲಿಗೆ, ಆ ದಡಕ್ಕೊಂದು ಹೊಲಿಗೆ. ದಾರ ಎಳೆದಂತೆಲ್ಲ ನೀರು ಸಣ್ಣಗಾಗುತ್ತಿತ್ತು. ಬೆಳಿಗ್ಗೆ ನಾನು ತುಂಗಭದ್ರೆಯ ದಂಡೆಗೆ ಹೋಗಿ ನಿಲ್ಲುತ್ತಿದ್ದೆ. ಮಂಜಿನಲ್ಲಿ ಆಚೆ ದಡ ನಿನ್ನೆಗಿಂತ ಹತ್ತಿರ ಬಂದಂತೆ ಕಾಣುತ್ತಿತ್ತು. ನಂಬುತ್ತೀರೋ ಇಲ್ಲವೋ, ನನಗೆ ಆ ದಾರವೂ ಕಂಡಿದೆ.

ಅಷ್ಟರಲ್ಲಿ ಅಕ್ಕನಿಗೆ ಮದುವೆಯಾಯಿತು. ಜಗಳೂರು ಕಡೆಯ ಬಿಳಿಚೋಡಿಗೆ ಕೊಟ್ಟರು. ಹೊಳೆಯಿಲ್ಲದ ಊರು, ಮುಗಿಲು ನೋಡಿ ಬಿತ್ತುವ ಊರು. ಹೊರಡುವಾಗ ಕಿವಿಯಲ್ಲಿ ಹೇಳಿದಳು: "ಅರ್ಧ ಹೊಲ್ದಾಳೆ ಕಣಲೇ. ಉಳಿದಿದ್ದು ಬಂದಾಗ ಹೇಳ್ತೀನಿ. ಮರೀಬ್ಯಾಡ."

ನಾನು ಮರೆಯಲಿಲ್ಲ. ಆದರೆ ಅವಳು ಬಂದಾಗಲೆಲ್ಲ ಕಂಕುಳಲ್ಲಿ ಒಂದು ಮಗು, ಸುತ್ತ ಒಲೆ, ನೆಂಟರು. ಆಮೇಲೆ ನನಗೂ ಮೀಸೆ ಬಂತು. ಮೀಸೆ ಬಂದವನು ಕತೆ ಹೇಳು ಎಂದು ಹೇಗೆ ಕೇಳುವುದು? ಎಂಬತ್ತರ ದಶಕವೂ ಮುಗಿಯಿತು. ಹೇಮರೇಖೆಯ ತಮ್ಮ ಆಚೆ ದಡದಲ್ಲೇ ಕೂತಿದ್ದ.

ಈ ವರ್ಷ ಅಕ್ಕ ಹಾಸಿಗೆ ಹಿಡಿದಾಗ ಬಿಳಿಚೋಡಿಗೆ ಹೋದೆ. ಮಧ್ಯಾಹ್ನ, ನಾವಿಬ್ಬರೇ. ನಾಚಿಕೆ ಬಿಟ್ಟು ಕೇಳಿದೆ: "ಅಕ್ಕಾ, ಆ ಹೊಳೆ ಏನಾತು?"

ಅವಳ ಕಣ್ಣು ಅರಳಿತು. "ಹಗಲೊತ್ತು ಬ್ಯಾಡ ಬಿಡಲೇ."

"ದಾರಿ ತಪ್ಪಾಕೆ ಈಗ ಯಾವ ಮಾವ ಉಳಿದಾನೆ?"

"ನೀನಿಲ್ಲೇನಲೇ, ನನ್ ಮಕ್ಕಳಿಗೆ ಮಾವ?" ಎಂದು ಕೆಮ್ಮು ಬರುವಷ್ಟು ನಕ್ಕಳು. "ಹೊನ್ನಾಳಿ ಸೇರಬೇಕಲ್ಲ ನೀನು. ಸುಮ್ಕೆ ಹೋಗು. ಇನ್ನೊಂದ್ಸಲ ರಾತ್ರಿ ಉಳಿಯಾಕೆ ಬಾ."

ಬಸ್ಸು ದಾರಿ ತಪ್ಪಲಿಲ್ಲ. ನಾನು ಉಳಿಯಲು ಹೋಗುವ ಮುಂಚೆ ಸುದ್ದಿ ಬಂತು.

ಇದನ್ನೆಲ್ಲ ನೆನೆಯುತ್ತ ಗುಂಡಿ ಹಚ್ಚುತ್ತಿದ್ದೆ. ಸಿಂಚನ ಪುಸ್ತಕದೊಳಗೆ ಬೆರಳಿಟ್ಟು ತಲೆ ಎತ್ತಿದಳು. "ಅಜ್ಜ, ಈ ಹುಡುಗಿ ಪರವಾಗಿಲ್ಲ. ಆದ್ರೆ ನಮ್ಮಜ್ಜಿ ಹೇಳ್ತಿದ್ದ ಹೇಮರೇಖೆ ಇವಳಿಗಿಂತ ಜೋರು ಬಿಡು."

ಸೂಜಿ ಬೆರಳಿಗೆ ಚುಚ್ಚಿತು. "ನಿನಗೂ ಹೇಳಿದ್ಲೇನು?"

"ಅರ್ಧ ಹೊಳೆ ಹೊಲಿಯೋ ತನಕ. ಆಮೇಲೇನಾತು ಅಂದ್ರೆ, 'ಉಳಿದಿದ್ದು ನನ್ ತಮ್ಮನ ಹತ್ರ ಐತೆ, ಅವನನ್ನೇ ಕೇಳು' ಅಂತಿದ್ಲು."

ನಾನು ಇಷ್ಟು ವರ್ಷ ಅದು ಅವಳ ಹತ್ತಿರ ಇದೆ ಎಂದುಕೊಂಡಿದ್ದೆ. ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ದಾರಿ ತಪ್ಪಬೇಕಾದ ಮಾವ ಮನೆಯಲ್ಲೇ ಕೂತಿದ್ದಾನೆ, ತಪ್ಪಿದರೆ ತಪ್ಪಲಿ.

"ಅರ್ಧ ಹೊಲಿಯೋ ಹೊತ್ತಿಗೆ ಹೇಮರೇಖೆ ಹತ್ರ ದಾರ ಮುಗೀತು" ಎಂದೆ. "ಆಚೆ ದಡದಾಗೆ ಅವಳ ತಮ್ಮ ಇದ್ದನಲ್ಲ, ಅವನಿಗೆ ಒಂದೇ ಒಂದು ಕೆಲಸ ಬರ್ತಿತ್ತು. ದಾರ ಪೋಣ್ಸೋದು."

ಸಿಂಚನ ಪುಸ್ತಕ ಮುಚ್ಚಿ ಬದಿಗಿಟ್ಟಳು.

"ಹೂಂ" ಎಂದಳು.