ಕೊನೇ ಕೋಟ್ ಆಗದೆ ಕೊಡದವರು

ನಮ್ಮನೆಯವ್ರು ಮರದ ಸಾಮಾನಿಗೆ ಪಾಲಿಶ್ ಹಾಕೋರು. ಕೊನೇ ಕೋಟ್ ಒಣಗಿ, ಅಂಗೈ ಆಡಿಸಿ, ನುಣುಪು ಅಂತ ತಮಗೇ ಅನಿಸೋವರೆಗೂ ಒಂದು ಸ್ಟೂಲನ್ನೂ ಗಿರಾಕಿ ಕೈಗೆ ಕೊಟ್ಟವರಲ್ಲ. ಮದುವೆಮನೆಯವರು ಮಂಚಕ್ಕೆ ಬಂದು ಗೋಗರೆದ್ರೂ "ನಾಳೆ ಬನ್ನಿ", ಅಷ್ಟೇ. ಬಡ್ಕೊಂಡು ಬಡ್ಕೊಂಡು ನನ್ನ ಬಾಯಿ ನೋವು ಬಂತು.

ಇಂಥವರ ಮೊಣಕೈ ಮೇಲೆ ಕೆಂಪು ಬಿಲ್ಲೆಗಳೆದ್ದು, ಬೆಳ್ಳಗೆ ಹೊಟ್ಟು ಉದುರೋಕೆ ಶುರುವಾಯ್ತು. ಅದೇ ಹೊತ್ತಿಗೆ ಮಗಳು ಹೆರಿಗೆಗೆ ಬಂದಿದ್ದವಳು ಹೆಣ್ಣು ಮಗು ಹೆತ್ತಳು. ತೊಟ್ಟಿಲಿಗೆ ಇವರದ್ದೇ ಪಾಲಿಶ್, ಫಳಫಳ ಹೊಳೀತಿತ್ತು. ಮೊಮ್ಮಗಳನ್ನ ಮಾತ್ರ ಮುಟ್ಟೋದೇ ಇಲ್ಲ! ಬಾಗಿಲಲ್ಲೇ ನಿಂತು ಇಣುಕೋದು, ಮಗು ಅತ್ತರೆ ಒದ್ದಾಡೋದು, "ಕೈಯೆಲ್ಲ ಪಾಲಿಶ್ ಕಣೇ" ಅಂತ ಜಾರಿಕೊಳ್ಳೋದು. ಆ ಬಿಲ್ಲೆ ರೋಗ ಮಗುವಿಗೆ ಅಂಟಿಬಿಟ್ರೆ ಅನ್ನೋ ಭಯ ಅಂತ ನನಗೆ ಗೊತ್ತಾಗಲ್ವಾ? ಮಗಳು "ಅಪ್ಪನಿಗೆ ನನ್ನ ಮಗು ಬೇಡ್ವಾ ಅಮ್ಮಾ" ಅಂತ ಅತ್ತಳು.

ಒಂದಿನ ಮನೆ ಪಕ್ಕದ ಶೆಡ್ಡಿಗೆ ಊಟ ತಗೊಂಡು ಹೋದ್ರೆ, ಈ ಮಹಾನುಭಾವರು ಸ್ಯಾಂಡ್ ಪೇಪರ್ ಹಿಡಿದು ಮೊಣಕೈ ಉಜ್ಕೋತಾ ಕೂತಿದಾರೆ!

"ನಿಮ್ಮ ಬುದ್ಧಿಗೆ ಬೆಂಕಿ ಹಾಕ! ಏನ್ರೀ ಇದು?"

"ನಯವಾದ ಪೇಪರ್ರೇ ಕಣೇ. ನುಣ್ಣಗೆ ಮಾಡ್ಕೊಂಡು ಮಗು ಎತ್ಕೋತೀನಿ."

ರಕ್ತ ಜಿನುಗ್ತಿತ್ತು. ಹಿಂದೆ ಉಜ್ಜಿದ್ದ ಕಡೆಯೆಲ್ಲ ಹೊಸ ಬಿಲ್ಲೆ ಬೇರೆ. ದರದರ ಎಳ್ಕೊಂಡು ಹೋದೆ ಚರ್ಮದ ಡಾಕ್ಟರಮ್ಮನ ಹತ್ತಿರ.

"ಇದು ಸೋರಿಯಾಸಿಸ್" ಅಂದ್ರು ಆಕೆ. "ರೋಗದಿಂದ ಕಾಯೋ ಪಡೆ ನಮ್ಮ ಮೈಯೊಳಗೇ ಇರುತ್ತೆ. ನಿಮ್ಮಲ್ಲಿ ಅದು ದಾರಿ ತಪ್ಪಿ ಚರ್ಮದ ಮೇಲೇ ಜಗಳಕ್ಕೆ ನಿಂತಿದೆ. ಆ ಗಲಾಟೆಗೆ ಹಳೇ ಚರ್ಮ ಉದುರೋ ಮೊದಲೇ ಹೊಸದು ಬೆಳೆದು ಪದರ ಕಟ್ಟುತ್ತೆ. ಉಜ್ಜಿದಷ್ಟೂ ಕೆರಳುತ್ತೆ."

ಇವರಿಗೆ ಸಿಟ್ಟೇ ಬಂತು. "ಒಂದು ಕೋಟ್ ಒಣಗೋ ಮೊದಲೇ ಇನ್ನೊಂದು ಬಳೀತಾರೆ ಅನ್ನಿ! ಎಂಥ ಕೆಲಸಗಾರರಮ್ಮ ಆ ಪಡೆಯವರು? ಎಲ್ಲರನ್ನೂ ಓಡಿಸಿಬಿಡಿ."

"ಓಡಿಸಿದ್ರೆ ನಿಜವಾದ ಸೋಂಕು ಬಂದಾಗ ಯಾರಿರ್ತಾರೆ? ಸದ್ಯಕ್ಕೆ ಮುಲಾಮು ಹಚ್ಚಿ. ಸಾಕಾಗದಿದ್ರೆ ಆ ಪಡೆನ ತಣ್ಣಗೆ ಮಾಡೋ ಮಾತ್ರೆ ಕೊಡ್ತೀನಿ, ಆಗಾಗ ರಕ್ತ ಪರೀಕ್ಷೆ ಮಾಡಿಸ್ಬೇಕು."

"ಅಂಟುತ್ತಾ?" ಇವರು ಮೆಲ್ಲಗೆ ಕೇಳಿದ್ರು.

ಆಕೆ ಗ್ಲೌಸ್ ತೆಗೆದು, ಉಜ್ಜದೆ ಉಳಿದಿದ್ದ ಇನ್ನೊಂದು ಮೊಣಕೈನ ಬರಿಗೈಲೇ ಸವರಿದ್ರು. "ಯಾರಿಗೂ ಅಂಟಲ್ಲ."

ಮನೆಗೆ ಬಂದ ಮೇಲೂ ಅದೇ ರಾಗ. "ಪೂರ್ತಿ ವಾಸಿ ಆಗ್ಲಿ, ಎತ್ಕೋತೀನಿ." ಮುಲಾಮಿಗೆ ಬಿಲ್ಲೆಗಳು ತೆಳ್ಳಗಾದವು, ಒಂದೆರಡು ಮಾಯವಾದವು, ಮತ್ತೆಲ್ಲೋ ಒಂದೆದ್ದಿತು. ಹೋಗೋದು ಬರೋದು ಇದ್ದಿದ್ದೇ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ರು. ಇವರು ಮಾತ್ರ ದಿನಾ ಮೊಣಕೈ ಮೇಲೆ ಅಂಗೈ ಆಡಿಸಿ "ಇನ್ನೂ ಆಗಿಲ್ಲ" ಅನ್ನೋದು. ಮಗಳು ಗಂಡನ ಮನೆಗೆ ಹೊರಡೋ ದಿನ ಬಂದೇ ಬಿಡ್ತು. ನನ್ನ ತಲೆ ಕೆಟ್ಟುಹೋಯ್ತು. ಮಗುನ ತಂದು ಇವರ ತೋಳಲ್ಲಿ ಇಟ್ಟೇಬಿಟ್ಟೆ.

"ರೀ, ನಿಮ್ಮ ಚರ್ಮಕ್ಕೆ ಕೊನೇ ಕೋಟ್ ಅಂತ ಇಲ್ಲ. ಇದ್ದ ಹಾಗೇ ಎತ್ಕೊಳ್ಳಿ."

ಉಸಿರು ಬಿಗಿಹಿಡಿದು ಕೂತರು. ಮಗು ಒಮ್ಮೆ ಆಕಳಿಸಿ, ಆ ತೋಳಿಗೇ ತಲೆಕೊಟ್ಟು ನಿದ್ದೆ ಹೋಯ್ತು. ಮಗಳು ಅಳ್ತಾ ನಗ್ತಾ ನಿಂತಿದ್ಲು, ನಾನೂ ಕಣ್ಣೊರೆಸಿಕೊಂಡೆ.

ಅಷ್ಟೊತ್ತಿಗೆ ಗಿರಾಕಿಯೊಬ್ಬ ಬಂದು ತನ್ನ ಮರದ ಬೀರು ಕೇಳಿದ. ಇವರು ಅಲುಗಾಡದೆ, ಪಿಸುದನಿಯಲ್ಲಿ ಹೇಳಿದ್ರು:

"ಶೆಡ್ಡಲ್ಲಿದೆ. ಒಂದು ಕೋಟ್ ಬಾಕಿ ಇದೆ. ಪರವಾಗಿಲ್ಲ, ಹಾಗೇ ತಗೊಂಡು ಹೋಗಿ."